ಮುಂದಾಳು ಇಲ್ಲದ ಸೈಕಲ್ ಸವಾರಿ ಪುಣೆಯಲ್ಲಿ ನಡೆಯುತ್ತಾ?

ಕರ್ವೇನಗರದ ಹುಬ್ಬಳ್ಳಿಯವ:
ಎಲ್ಲರಿಗೂ ನಮಸ್ಕಾರ. ಮನೆ ಕರ್ವೇನಗರ, ಆಫೀಸು ಶಿವಾಜಿನಗರ, ದಿನಾ ಸೈಕಲ್ಲೇ. ಸಂಜೆ ಕರ್ವೆ ರಸ್ತೆಯಲ್ಲಿ ಸ್ಟಾಪಿಗೆ ನುಗ್ಗುವ ಬಸ್ಸು ಒಂದು ಕಡೆ, ಹಾರ್ನ್ ಹೊಡೆಯುವ ಸ್ಕೂಟರುಗಳು ಇನ್ನೊಂದು ಕಡೆ. ಮಧ್ಯೆ ನಾನು ಯಾರಿಗೂ ಕಾಣುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1992ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕ್ರಿಟಿಕಲ್ ಮಾಸ್ ಬಗ್ಗೆ ಓದಿದೆ. ತಿಂಗಳ ಕೊನೆಯ ಶುಕ್ರವಾರ ಸಂಜೆ ಸೈಕಲ್‌ನವರೆಲ್ಲ ಒಂದು ಕಡೆ ಸೇರಿ ರಸ್ತೆ ತುಂಬ ಹೊರಡುತ್ತಾರಂತೆ. ಅಧ್ಯಕ್ಷ ಇಲ್ಲ, ಬ್ಯಾನರ್ ಇಲ್ಲ. ನಮ್ಮಲ್ಲಿ ಸಿಂಹಗಡಕ್ಕೆ ಹೋಗೋದಕ್ಕೂ ಒಬ್ಬ ಲೀಡರ್ ಬೇಕು! ಪೊಲೀಸರು ಬಂದು "ಮುಖ್ಯಸ್ಥ ಯಾರು?" ಅಂದರೆ ಯಾರನ್ನು ತೋರಿಸೋದು? ಶುಕ್ರವಾರ ಬೇಡ, ಭಾನುವಾರ ಬೆಳಿಗ್ಗೆ ಇಟ್ಟುಕೊಂಡರೆ ಆಗಲ್ವಾ?

ಪೆಡಲ್ ಮಾಮಾ:
ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಹೋಗೋದು ವ್ಯಾಯಾಮ. ಮಾಡಿ, ಒಳ್ಳೆಯದು. ಆದರೆ ನಿಮ್ಮ ಜಗಳ ಇರುವುದು ಶುಕ್ರವಾರ ಸಂಜೆಯ ಕರ್ವೆ ರಸ್ತೆಯ ಜೊತೆ ಅಲ್ವಾ? ಹಾಗಿದ್ದರೆ ಸಂಜೆಯೇ ಹೊರಡಬೇಕು.

ಲಂಡನ್ನಿನಲ್ಲಿ ಕೆಲಸಕ್ಕಿದ್ದಾಗ ಇಂಥ ಸವಾರಿಗೆ ಹೋಗುತ್ತಿದ್ದೆ. ವಾಟರ್ಲೂ ಸೇತುವೆ ಕೆಳಗೆ, ನದಿ ಪಕ್ಕ ಸೇರುವುದು. ಹೊರಡಿ ಅಂತ ಯಾರೂ ಹೇಳುವುದಿಲ್ಲ. ಯಾರೋ ಬೆಲ್ ಹೊಡೆಯಲು ಶುರು ಮಾಡುತ್ತಾರೆ, ಉಳಿದವರೂ ಹೊಡೆಯುತ್ತಾರೆ, ಗುಂಪು ಜರುಗುತ್ತದೆ. ಮುಂದೆ ಇರುವವನು ಎತ್ತ ತಿರುಗಿದರೆ ಅದೇ ದಾರಿ.

ಲೀಡರ್ ಇಲ್ಲ ಅಂದರೆ ಕೆಲಸ ಇಲ್ಲ ಅಂತಲ್ಲ. ಎಲ್ಲರಿಗೂ ಎಲ್ಲ ಕೆಲಸ ಗೊತ್ತಿರಬೇಕು, ಅಷ್ಟೇ. ದೊಡ್ಡ ಕೆಲಸ ಅಡ್ಡರಸ್ತೆ ತಡೆಯುವುದು. ಗುಂಪು ಚೌಕ ದಾಟುವಾಗ ಇಬ್ಬರು ಪಕ್ಕದ ರಸ್ತೆ ಬಾಯಿಗೆ ಸೈಕಲ್ ಅಡ್ಡ ಹಿಡಿದು ನಿಲ್ಲುತ್ತಾರೆ. ಮುಖ ಡ್ರೈವರ್ ಕಡೆಗೆ, ಒಂದು ಕಾಲು ನೆಲದ ಮೇಲೆ. ನಗುತ್ತಾ ಎರಡು ಮಾತಾಡಬೇಕು. ಇಲ್ಲಿ ಪುಣೆಯಲ್ಲಾದರೆ ಮರಾಠಿಯಲ್ಲಿ "ದೋನ್ ಮಿನಿಟ, ಕಾಕಾ" (ಎರಡು ನಿಮಿಷ, ಚಿಕ್ಕಪ್ಪಾ) ಅನ್ನಿ. ಬಾನೆಟ್ ಬಡಿಯೋದು, ಬೈಯೋದು ಮಾಡಿದರೆ ಅಲ್ಲಿಗೆ ಮುಗಿಯಿತು. ಕೊನೆಯ ಸೈಕಲ್ ದಾಟಿದ ಮೇಲೆ ಅವರೂ ಬಾಲಕ್ಕೆ ಸೇರಿಕೊಳ್ಳುತ್ತಾರೆ. ಮುಂದಿನ ಚೌಕದಲ್ಲಿ ಬೇರೆ ಇಬ್ಬರು.

ಇನ್ನೊಂದು, ಮುಂದಿನವರು ಓಡಬಾರದು. ಅತಿ ನಿಧಾನದವರ ವೇಗವೇ ಎಲ್ಲರ ವೇಗ. ಮುಂದಿನವರು ಸಿಗ್ನಲ್‌ನಲ್ಲಿ ನಿಂತು ಹಿಂದಿನವರನ್ನು ಕೂಡಿಸಿಕೊಳ್ಳಬೇಕು. ಲಂಡನ್ನಿನಲ್ಲಿ ಗುಂಪಿನ ನಡುವೆ ಸಂದು ಬಿದ್ದರೆ ಒಂದು ಕಾರು ತೂರುತ್ತದೆ. ಪುಣೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಡಜನ್ ಸ್ಕೂಟರ್ ಒಳಗಿರುತ್ತವೆ! ಹಾಗಾಗಿ ಜನ ಕಮ್ಮಿ ಇದ್ದರೆ ಇಡೀ ರಸ್ತೆಗೆ ಆಸೆ ಪಡಬೇಡಿ, ಎಡಗಡೆಯ ಒಂದು ಲೇನ್ ಸಾಕು. ಲಕ್ಷ್ಮೀ ರಸ್ತೆ ದಾಟುವಾಗ ನಾವೇನು ಮಾಡುತ್ತೇವೆ? ಒಬ್ಬರೇ ಇದ್ದರೆ ಕಾಯುತ್ತೇವೆ, ಹತ್ತು ಜನ ಆದರೆ ಕೈ ತೋರಿಸಿ ಇಳಿಯುತ್ತೇವೆ. ಇದೂ ಅಷ್ಟೇ.

ಪೊಲೀಸರ ವಿಷಯ. ಲಂಡನ್ನಿನಲ್ಲೂ 2005ರಲ್ಲಿ ಪೊಲೀಸರು, ಮೊದಲೇ ತಿಳಿಸದಿದ್ದರೆ ಸವಾರಿ ಕಾನೂನುಬಾಹಿರ ಅಂತ ಚೀಟಿ ಹಂಚಿದ್ದರು. ಕೇಸು ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. ಇದು ರೂಢಿಯಾಗಿ ನಡೆದುಕೊಂಡು ಬಂದಿದೆ, ನೋಟಿಸ್ ಬೇಕಿಲ್ಲ ಅಂತ 2008ರಲ್ಲಿ ತೀರ್ಪು ಬಂತು. ನ್ಯೂಯಾರ್ಕ್‌ನಲ್ಲಿ ಉಲ್ಟಾ. 2004ರ ಆಗಸ್ಟ್‌ನಲ್ಲಿ, ರಿಪಬ್ಲಿಕನ್ ಪಕ್ಷದ ಸಮಾವೇಶದ ಹೊತ್ತಿಗೆ, 250ಕ್ಕೂ ಜಾಸ್ತಿ ಸವಾರರನ್ನು ಹಿಡಿದು ಒಳಗೆ ಹಾಕಿದರು. ಲಂಡನ್ ತೀರ್ಪು ಇಲ್ಲಿ ನಡೆಯಲ್ಲ. ಇಲ್ಲಿ ಮಹಾರಾಷ್ಟ್ರ ಪೊಲೀಸ್ ಕಾಯ್ದೆ 1951ರ 37ನೇ ಕಲಂ ಇದೆ. ಅದರಡಿ ಜಮಾವಣೆ, ಮೆರವಣಿಗೆ ನಿಷೇಧಿಸಬಹುದು. ಅಂಥ ಆದೇಶ ಜಾರಿಯಲ್ಲಿದೆಯಾ ಅಂತ ನೋಡಿಕೊಂಡು ಹೊರಡಿ. ಘೋಷಣೆ, ಬಾವುಟ, ಮೈಕು ಯಾವುದೂ ಬೇಡ.

ಹಡಪ್ಸರ್ ಅಕ್ಕ:
ಮಾಮಾ, ಎಲ್ಲ ಸರಿ, ಆಂಬುಲೆನ್ಸ್ ಬಂದರೆ? ನಮ್ಮ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಒಂದು ಮೆರವಣಿಗೆಯ ಹಿಂದೆ ಸಿಕ್ಕಿಬಿದ್ದಿದ್ದೆವು. ಆ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ರಾತ್ರಿ ಒಬ್ಬಳೇ ಸೈಕಲ್ ತುಳಿಯಲು ಹೆದರುವ ನನ್ನಂಥವರಿಗೆ ಗುಂಪು ಬೇಕು, ಅದೂ ನಿಜ.

ಪೆಡಲ್ ಮಾಮಾ:
ಅಕ್ಕಾ, ಸೈರನ್ ಕೇಳಿದ ತಕ್ಷಣ ಎಲ್ಲರೂ ಎಡಕ್ಕೆ ಸರಿಯಬೇಕು. ಸೈಕಲ್ಲಿನ ಲಾಭವೇ ಅದು, ಎತ್ತಿ ಫುಟ್‌ಪಾತಿನ ಮೇಲೂ ಇಡಬಹುದು. ಅಡ್ಡರಸ್ತೆ ತಡೆದವರು ಮೊದಲು ಸರಿಯಬೇಕು. ಹೊರಡುವ ಮುಂಚೆಯೇ ಎಲ್ಲರಿಗೂ ಹೇಳಿ.

ಮಾಟುಂಗಾ ಶೆಟ್ಟಿ:
ಮುಂಬೈಯಲ್ಲಿ 2022ರ ಮಾರ್ಚ್‌ನಲ್ಲಿ ಪೊಲೀಸರೇ ‘ಸಂಡೇ ಸ್ಟ್ರೀಟ್ಸ್’ ಅಂತ ಮಾಡಿದರು. ಭಾನುವಾರ ಬೆಳಿಗ್ಗೆ ಮರೀನ್ ಡ್ರೈವ್, ಕಾರ್ಟರ್ ರೋಡ್ ಎಲ್ಲ ಗಾಡಿಗಳಿಗೆ ಬಂದ್. ಮಗಳ ಜೊತೆ ಹೋಗಿದ್ದೆ, ಖುಷಿಯಾಯಿತು. ಆದರೆ ಸಾಹೇಬರು ಮನಸ್ಸು ಮಾಡಿ ಕೊಟ್ಟಿದ್ದು ಸೋಮವಾರಕ್ಕೆ ಉಳಿಯಲ್ಲ.

ಮಾಮಾ, ನನ್ನದೊಂದು ತಕರಾರು. ಇಂಥ ಸವಾರಿಗೆ ಬರೋದು ಗೇರ್ ಸೈಕಲ್‌ನವರೇ. ಕ್ಯಾರಿಯರಿಗೆ ಡಬ್ಬಿ ಕಟ್ಟಿಕೊಂಡು ಕಪ್ಪು ಅಟ್ಲಾಸ್ ತುಳಿಯುವ ವಾಚ್‌ಮನ್, ಪೇಪರ್ ಹಾಕುವ ಹುಡುಗ ಎಲ್ಲಿ? ರಸ್ತೆಯಲ್ಲಿ ದಿನಾ ಇರುವವರು ಅವರು.

ಪೆಡಲ್ ಮಾಮಾ:
ಒಪ್ಪಿದೆ ಶೆಟ್ರೇ. ಅವರಿಗೆ ಶುಕ್ರವಾರ ಸಂಜೆ ಅಂದರೆ ಶಿಫ್ಟ್ ಬದಲಾಗುವ ಹೊತ್ತು. ಅದಕ್ಕೇ ಸುತ್ತು ಹೊಡೆಯುವುದಕ್ಕಿಂತ ಅವರು ಮನೆಗೆ ಹೋಗುವ ದಾರಿಯಲ್ಲೇ ಹೋಗೋಣ, ದಾರಿಯಲ್ಲಿ ಸೇರಿಕೊಂಡು ತಮ್ಮ ತಿರುವಿನಲ್ಲಿ ಬಿಡಲಿ. ಹುಬ್ಬಳ್ಳಿಯವರೇ, ಗುಡ್‌ಲಕ್ ಚೌಕದ ಕಲಾಕಾರ್ ಕಟ್ಟೆ ಹತ್ತಿರ ಸೇರಿ. ಅಲ್ಲಿಂದ ಡೆಕ್ಕನ್ ಮೇಲೆ ಕರ್ವೆ ರಸ್ತೆ ಹಿಡಿದರೆ ನಿಮಗೂ ಮನೆ ದಾರಿ.

ಕರ್ವೇನಗರದ ಹುಬ್ಬಳ್ಳಿಯವ:
ಆಯ್ತು ಮಾಮಾ. ನಮ್ಮ ಸೊಸೈಟಿಯ ವಾಚ್‌ಮನ್ ದಾದಾನನ್ನು ಕೇಳಿದೆ. "ಬರ್ತೀನಿ, ಆದರೆ ಏಳೂವರೆಗೆ ಡ್ಯೂಟಿ" ಅಂದ. ಆರಕ್ಕೇ ಹೊರಡೋಣವಾ?