ಡ್ಯಾಕ್ ಹಾಕಿದ ಮೇಲೆ ಸ್ಪೀಕರಲ್ಲಿ ಗುಂಯ್ ಶಬ್ದ, ಸಹಾಯ ಬೇಕು

ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿ ನಮ್ಮದು. ಅಪ್ಪಯ್ಯ ಕ್ಯಾಸೆಟ್‌ನಲ್ಲಿ ಹಿಡಿದಿಟ್ಟ ಬಡಗುತಿಟ್ಟಿನ ಯಕ್ಷಗಾನ ಆಟಗಳನ್ನೆಲ್ಲ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಏರಿಸಿದ್ದೇನೆ. ಚೆನ್ನಾಗಿ ಕೇಳಬೇಕೆಂದು ಡೆಸ್ಕ್‌ಟಾಪಿಗೆ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಧ್ವನಿಯನ್ನು ಆಂಪ್ಲಿಫೈಯರಿಗೆ ಬೇಕಾದ ಅನಲಾಗ್ ಸಂಕೇತ ಮಾಡುವ ಸಾಧನ) ತಂದು ಹಳೇ ಆಂಪ್ಲಿಫೈಯರಿಗೆ ಜೋಡಿಸಿದೆ. ಭಾಗವತರ ದನಿ, ಮದ್ದಳೆಯ ಪೆಟ್ಟು ಎಷ್ಟು ಬಿಡಿಬಿಡಿಯಾಗಿ ಕೇಳುತ್ತದೆ ಅಂದರೆ, ಇನ್ನು ಹಳೇ ಜೋಡಣೆಗೆ ವಾಪಸ್ ಹೋಗಲಾರೆ. ಆದರೆ ಪದ್ಯ ನಿಂತಾಗಲೆಲ್ಲ ಸ್ಪೀಕರಲ್ಲಿ ಗುಂಯ್ ಅನ್ನುತ್ತದೆ. ಮೌಸ್ ಅಲ್ಲಾಡಿಸಿದರೆ ಕಿರ್ರ್ ಅಂತ ಇನ್ನೊಂದು ಶಬ್ದ.

ಕೇಬಲ್ ಬದಲಿಸಿದೆ, ಬೇರೆ ಪೋರ್ಟ್ ನೋಡಿದೆ, ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದೆ. ಹೋಗಲಿಲ್ಲ. ಅದೇ ಡ್ಯಾಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಬ್ಯಾಟರಿಯಲ್ಲಿ ಓಡಿಸಿದರೆ ಪೂರ್ತಿ ಶಾಂತ. ಮೂರು ಪಿನ್ನಿನ ಚಾರ್ಜರ್ ಹಾಕಿದ ಕೂಡಲೇ ಮತ್ತೆ ಶುರು. ಇದು ಗ್ರೌಂಡ್ ಲೂಪೇ, ಅಂದರೆ ಕಂಪ್ಯೂಟರ್ ಮತ್ತು ಆಂಪ್ಲಿಫೈಯರಿನ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಶಬ್ದ ನುಗ್ಗುವುದೇ, ಇರಬೇಕು. ಅರ್ತ್ ಪಿನ್ ತೆಗೆದುಬಿಡು ಅಂದರು ಒಬ್ಬರು. ಜೀವಕ್ಕೆ ಅಪಾಯ, ಅದನ್ನು ಖಂಡಿತ ಮಾಡುವುದಿಲ್ಲ.

ಗೊಂದಲ ಇಷ್ಟೇ: ನಡುವೆ ಯುಎಸ್‌ಬಿ ಐಸೊಲೇಟರ್ (ಡೇಟಾ ಬಿಟ್ಟು ಗ್ರೌಂಡ್ ಸಂಪರ್ಕ ಕಡಿಯುವ ಸಾಧನ) ಹಾಕಲೋ, ಮದರ್‌ಬೋರ್ಡಿನ ಆಪ್ಟಿಕಲ್ ಔಟ್‌ನಿಂದ ಡ್ಯಾಕಿಗೆ ಕೊಡಲೋ? ಅಗ್ಗದ ಐಸೊಲೇಟರ್‌ಗಳು ಹೆಚ್ಚಾಗಿ 12 ಎಂಬಿಪಿಎಸ್‌ನವು, ನನ್ನ ಡ್ಯಾಕ್ ಅದಕ್ಕಿಂತ ವೇಗದ ಹೈ ಸ್ಪೀಡ್ ಯುಎಸ್‌ಬಿಯದು, ಹಾಗಾಗಿ ಹೊಂದುತ್ತದೋ ಇಲ್ಲವೋ ಅನ್ನುವ ಅನುಮಾನ. ಆಪ್ಟಿಕಲ್‌ನಲ್ಲಿ ಬರೀ ಬೆಳಕು ಹೋಗುವುದರಿಂದ ಗ್ರೌಂಡ್ ತಾಗುವುದೇ ಇಲ್ಲ. ಆದರೆ ವಿಂಡೋಸ್‌ನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ (ಧ್ವನಿ ಸಾಧನವನ್ನು ಒಂದೇ ಪ್ಲೇಯರಿಗೆ ಬಿಟ್ಟುಕೊಡುವ ಸೆಟ್ಟಿಂಗ್) ಇಟ್ಟರೆ ಅದರಲ್ಲೂ 96 ಕಿಲೋಹರ್ಟ್ಸ್ ಬದಲಾಗದೆ ಹಾಗೇ ಹೋಗುತ್ತದೆಯೇ? ಎರಡನ್ನೂ ಬಳಸಿದವರು ಯಾವುದು ಕೊಳ್ಳಲಿ ಅಂತ ದಯವಿಟ್ಟು ಹೇಳಿ.