ಅಪ್‌ಡೇಟ್: ಮೋಡೆಮ್‌ನಲ್ಲಿ ಡೂಮ್ ಈಗ ಸರಾಗ

ಮೋಡೆಮ್ (ಕಂಪ್ಯೂಟರ್ ಡೇಟಾವನ್ನು ಫೋನ್ ಲೈನಿನಲ್ಲಿ ಕಳಿಸುವ ಸಾಧನ) ಬಳಸಿ ಇಬ್ಬರು 1993ರ ಶೂಟಿಂಗ್ ಗೇಮ್ ಡೂಮ್ ಆಡುವಾಗ ಆಟ ತಡೆತಡೆದು ಓಡುತ್ತದೆ, ಯಾಕೆ ಎಂದು ಕೇಳಿದ್ದೆ. ನೀವು ಹೇಳಿದ ಹಾಗೆ ಎರಡೂ ಕಡೆ ಮೋಡೆಮ್‌ನ ಎರರ್ ಕರೆಕ್ಷನ್ (ಡೇಟಾದಲ್ಲಿ ಬಂದ ತಪ್ಪು ಸರಿಪಡಿಸುವುದು), ಡೇಟಾ ಕಂಪ್ರೆಷನ್ (ಡೇಟಾವನ್ನು ಕುಗ್ಗಿಸಿ ಕಳಿಸುವುದು) ಆಫ್ ಮಾಡಿದೆವು. ಆಟ ಸರಿಹೋಯಿತು! ಇವೆರಡೂ ಡೇಟಾವನ್ನು ಸ್ವಲ್ಪ ಹಿಡಿದಿಟ್ಟುಕೊಂಡು ಆಮೇಲೆ ಕಳಿಸುತ್ತವೆ. ಫೈಲ್ ಕಳಿಸುವಾಗ ಅದು ಒಳ್ಳೆಯದೇ. ಆದರೆ ಡೂಮ್ ಕಳಿಸುವುದು ಚಿತ್ರವನ್ನಲ್ಲ, ಆಟಗಾರ ಯಾವ ಕಡೆ ನಡೆದ, ಗುಂಡು ಹಾರಿಸಿದನಾ ಎಂಬ ಚಿಕ್ಕ ಮಾಹಿತಿ ಮಾತ್ರ. ಅದಕ್ಕೆ 9600 ಬಿಪಿಎಸ್ (ಸೆಕೆಂಡಿಗೆ 9600 ಬಿಟ್) ವೇಗ ಸಾಕು. ಆ ಮಾಹಿತಿ ಒಂದು ಕಡೆಯಿಂದ ತಡವಾದರೂ ಎರಡು ಕಂಪ್ಯೂಟರ್‌ಗಳೂ ಕಾಯಬೇಕು. ತೊಂದರೆ ಇದ್ದದ್ದೇ ಅಲ್ಲಿ.

ಕಾಲ್ ವೇಟಿಂಗ್ ಕೂಡ ನಿಲ್ಲಿಸಿದೆವು. ಆಡುವಾಗ ಬೇರೆ ಕರೆ ಬಂದು ಅದರ ಬೀಪ್ ಬಂದರೆ ಸಂಪರ್ಕವೇ ಕಡಿದುಹೋಗುತ್ತಿತ್ತು. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.