ಓದುಗರ ಸ್ಪಂದನ: ಅತ್ತೆಯ ಮೊಣಕಾಲಿಗೆ ಜೆಲ್ ಇಂಜೆಕ್ಷನ್ ಹಾಕಿಸಬಹುದೇ?

(ಹೊಸನಗರದ ಕಡೆಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು: ಅರವತ್ತೆಂಟರ ಅತ್ತೆಗೆ ಮೊಣಕಾಲು ಸವೆತ. ವೈದ್ಯರು ಹೈಲುರಾನಿಕ್ ಆಮ್ಲದ ಜೆಲ್ ಇಂಜೆಕ್ಷನ್ ಸೂಚಿಸಿದ್ದಾರೆ. ಖರ್ಚು ಹೆಚ್ಚು. ಕೋಳಿಯ ಜುಟ್ಟಿನಿಂದ ತಯಾರಿಸುತ್ತಾರೆಂದು ಯಾರೋ ಹೇಳಿದ ಮೇಲೆ, ಮೊಟ್ಟೆಯನ್ನೂ ಮುಟ್ಟದ ಅತ್ತೆ ಬೇಡವೆಂದು ಹಟ ಹಿಡಿದಿದ್ದಾರೆ.)

ತಂಗಿ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇಂಜೆಕ್ಷನ್ನಿನ ವಿಷಯವಲ್ಲ. ಅತ್ತೆ ಈಗಲೂ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ ಎಂಬ ಮಾತು. ಕಾಲು ಮಡಚಿ ಗಂಟೆಗಟ್ಟಲೆ ಅಡಿಕೆ ಸುಲಿಯುವುದು ನಿಲ್ಲದಿದ್ದರೆ ಯಾವ ಮದ್ದಿಗೂ ಬರಕತ್ತಿಲ್ಲ. ಸುಲಿಯುವ ಯಂತ್ರ ಬಾಡಿಗೆಗೆ ಸಿಗುತ್ತದೆ, ಆ ಹಣ ಮೊದಲು ಅಲ್ಲಿಗೆ ಹೋಗಲಿ.

ಹೈಲುರಾನಿಕ್ ಆಮ್ಲ ನಮ್ಮ ಕೀಲಿನೊಳಗೇ ಇರುವ ವಸ್ತು. ಕೀಲಿನ ದ್ರವಕ್ಕೆ ಜಿಗುಟು ಬರುವುದು ಅದರಿಂದ. ಸವೆತ ಬಂದಾಗ ಅದು ತೆಳುವಾಗುತ್ತದೆ, ಹೊರಗಿನಿಂದ ತುಂಬಿದರೆ ಸರಿಹೋಗುತ್ತದೆ ಎಂಬುದು ಈ ಚಿಕಿತ್ಸೆಯ ಲೆಕ್ಕಾಚಾರ. ಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟ ಹಾಗೆ ಎಂದು ವಿವರಿಸುವವರಿದ್ದಾರೆ. ಆದರೆ ಹಾಕಿದ ಜೆಲ್ ಕೆಲವು ದಿನಗಳಲ್ಲೋ ವಾರಗಳಲ್ಲೋ ಕರಗಿಹೋಗುತ್ತದೆ. ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಒಮ್ಮೆ ಸವೆದರೆ ಮರಳಿ ಬೆಳೆಯುವುದಿಲ್ಲ. ಅಮೆರಿಕದಲ್ಲಿ 1997ರಲ್ಲೇ ಮೊಣಕಾಲಿಗೆ ಇದರ ಬಳಕೆಗೆ ಒಪ್ಪಿಗೆ ದೊರೆತಿದ್ದು ನಿಜ. 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ದೊಡ್ಡ ಪರಿಶೀಲನೆಯೊಂದು, ಮದ್ದಿಲ್ಲದ ಹುಸಿ ಇಂಜೆಕ್ಷನ್ ಪಡೆದವರಿಗೆ ಹೋಲಿಸಿದರೆ ನೋವು ಇಳಿಯುವುದು ತೀರಾ ಅಲ್ಪ, ರೋಗಿಗೆ ಅನುಭವಕ್ಕೆ ಬರುವಷ್ಟಲ್ಲ ಎಂದಿತು. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯಂತೂ ಕೊಡಲೇಬೇಡಿ ಎನ್ನುತ್ತದೆ.

ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ. ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು, ನಿಧಾನವಾಗಿ ಇಳಿಸಲಿ. ಬೆಳಿಗ್ಗೆ ಸಂಜೆ ಹತ್ತು ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿನ ಭಾರ ಇಳಿಯುತ್ತದೆ. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು. ಎಲ್ಲರೂ ತಿರುಗಾಮುರುಗಾ ಹಿಡಿಯುತ್ತಾರೆ.
– ನಿವೃತ್ತ ಫಿಸಿಯೋಥೆರಪಿಸ್ಟ್, ಸಾಗರ

ಕೋಳಿ ಜುಟ್ಟಿನ ಮಾತು ಸುಳ್ಳಲ್ಲ. ಕೆಲವು ಕಂಪನಿಗಳು ಅದರಿಂದಲೇ ತಯಾರಿಸುತ್ತವೆ. ಬ್ಯಾಕ್ಟೀರಿಯಾ ಹುದುಗಿಸಿ ತೆಗೆದದ್ದೂ ಧಾರಾಳವಾಗಿ ಸಿಗುತ್ತದೆ. ಮೂಲ ಯಾವುದೆಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಮುದ್ರಿಸಿರುತ್ತಾರೆ, ಹಣ ಕೊಡುವ ಮೊದಲೇ ತೋರಿಸಿ ಎಂದು ಕೇಳಿ. ಇದು ಮಡಿಯ ಪ್ರಶ್ನೆ ಮಾತ್ರವಲ್ಲ: ಮೊಟ್ಟೆ, ಕೋಳಿ ಒಗ್ಗದವರಿಗೆ ಜುಟ್ಟಿನ ಮೂಲದ್ದು ಅಲರ್ಜಿ ತರಬಹುದು. ಅಂದ ಹಾಗೆ, ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದರೆ ಈ ವಸ್ತು ಆಗಲೇ ಅವರ ಕಣ್ಣೊಳಗೆ ಹೋಗಿ ಬಂದಿರುವ ಸಾಧ್ಯತೆ ಇದೆ. ಆ ಶಸ್ತ್ರಚಿಕಿತ್ಸೆಯಲ್ಲಿ ಇದನ್ನು ಬಳಸುವುದುಂಟು. ಅದನ್ನು ಅವರಿಗೆ ಹೇಳುವುದೋ ಬಿಡುವುದೋ ನಿಮ್ಮ ಜಾಣತನ.
– ಔಷಧ ಅಂಗಡಿಯವರು, ಶಿವಮೊಗ್ಗ

ಈ ಇಂಜೆಕ್ಷನ್ನಿನಿಂದ ಪ್ರಯೋಜನವಿಲ್ಲ ಎಂದು ಬರೆಯುವವರಿರುತ್ತಾರೆಂದು ನನಗೆ ಗೊತ್ತು, ಆದರೂ ಬರೆಯುತ್ತೇನೆ. ನಾನು ಹಾಕಿಸಿಕೊಂಡವನು. ಮೊದಲೆರಡು ದಿನ ಮೊಣಕಾಲು ಊದಿಕೊಂಡಿತು; ಆಮೇಲೆ ಒಂದು ಮಳೆಗಾಲ ಪೂರ್ತಿ ತೋಟದ ಇಳಿಜಾರನ್ನು ಹತ್ತಿ ಇಳಿದೆ. ಅದು ಮದ್ದಿನ ಗುಣವೋ ಮನಸ್ಸಿನ ಗುಣವೋ, ನಡೆದದ್ದು ನನ್ನ ಕಾಲು. ಸವೆತ ಎಷ್ಟಿದೆ ಎಂದು ಎಕ್ಸ್‌ರೇ ನೋಡಿ ಹೇಳಲು ಕೇಳಿ. ಮೂಳೆಗೆ ಮೂಳೆ ತಾಗುತ್ತಿದ್ದರೆ ಜೆಲ್ಲಿಗೆ ಹಣ ಸುರಿಯಬೇಡಿ. ಇಂಜೆಕ್ಷನ್ ಆದ ಮೇಲೆ ಜ್ವರ, ಬಿಸಿಯೇರಿದ ಊತ, ಕಾಲೂರಲಾಗದ ನೋವು ಬಂದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಸೋಂಕು ಅಪರೂಪ, ಆದರೆ ಕೀಲಿನೊಳಗೆ ಕೀವಾದರೆ ಕಾಯುವ ಹಾಗಿಲ್ಲ.
– ಅಡಿಕೆ ಬೆಳೆಗಾರ, ಕೊಪ್ಪ

ಇದೇ ಆಮ್ಲವನ್ನು ಸೂಜಿಯಿಲ್ಲದ ಪೆನ್ನಿನಿಂದ ತುಟಿಗೆ ತುಂಬುತ್ತೇವೆ ಎಂಬ ಜಾಹೀರಾತುಗಳು ಮೊಬೈಲಿನಲ್ಲಿ ಬರುತ್ತಿವೆ. ಅತ್ತೆಗಲ್ಲ, ನಿಮ್ಮ ಮನೆಯ ಹುಡುಗಿಯರಿಗೆ ಈ ಮಾತು. ಮುಖಕ್ಕೆ ಹಚ್ಚುವ ಸೀರಮ್ ಬೇರೆ, ಚರ್ಮದೊಳಗೆ ತುಂಬುವ ಫಿಲ್ಲರ್ ಬೇರೆ. ಫಿಲ್ಲರ್ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಕೊಳೆಯಬಹುದು, ಕಣ್ಣೇ ಹೋಗಬಹುದು. ಅಂಥ ಪೆನ್ನುಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ಆಡಳಿತ 2021ರಲ್ಲೇ ಎಚ್ಚರಿಸಿದೆ. ಮಾಡಿಸಲೇಬೇಕೆಂದರೆ ಚರ್ಮರೋಗ ತಜ್ಞರ ಬಳಿ. ಜೆಲ್ ಕರಗಿಸುವ ಹೈಲುರಾನಿಡೇಸ್ ಅವರ ಕೈಯಳತೆಯಲ್ಲಿ ಇದೆಯೇ ಎಂದು ಕೇಳಿಯೇ ಕುಳಿತುಕೊಳ್ಳಿ.
– ನರ್ಸಿಂಗ್ ವಿದ್ಯಾರ್ಥಿನಿ, ತೀರ್ಥಹಳ್ಳಿ